ಅಕ್ಕನ ಹಾಲು ಬತ್ತಿರಲಿಲ್ಲ, ವಾಲ್ವ್ ಹರಿದಿತ್ತು

(1/8)
ಫೋಟೋದಲ್ಲಿ ನನ್ನ ಅಂಗೈ ಮೇಲಿರೋ ಬಿಳಿ ರಬ್ಬರ್ ತುಂಡು ಏನು ಅಂತ ನಿನ್ನೆ ಸ್ಟೋರಿಯಲ್ಲಿ ಕೇಳಿದ್ದೆ. ಇಯರ್‌ಫೋನ್ ಬಡ್ ಅಂದ್ರಿ, ಪೆನ್ ಕ್ಯಾಪ್ ಅಂದ್ರಿ, ಒಬ್ಬ ಮಹಾನುಭಾವ ಮೀನಿನ ತೊಟ್ಟಿ ಪಾರ್ಟ್ ಅಂದ. ಯಾರೂ ಸರಿ ಹೇಳಲಿಲ್ಲ. ಇದು ಬ್ರೆಸ್ಟ್ ಪಂಪ್‌ನ ವಾಲ್ವ್. ಎದೆಹಾಲು ತೆಗೆಯೋ ಯಂತ್ರದ ಒಂದು ಚಿಕ್ಕ ಭಾಗ.

ನಮ್ಮ 'ಬಾಳಿಕೆ' ಸರಣಿಯಲ್ಲಿ ಇಲ್ಲಿವರೆಗೂ ಬೈಕ್ ಚೈನ್ ಆಯ್ತು, ಶೂ ಆಯ್ತು, ಲ್ಯಾಪ್‌ಟಾಪ್ ಬ್ಯಾಟರಿ ಆಯ್ತು. ಈ ವಾರ ಇದು. ಹುಡುಗ ಆಗಿ ನೀನ್ಯಾಕೋ ಇದನ್ನ ಬರೀತೀಯ ಅಂತ ಕ್ಲಾಸಲ್ಲಿ ಕೆಲವರಿಗೆ ನಗು ಬರುತ್ತೆ, ಗೊತ್ತು. ನಕ್ಕು ಮುಗಿಸಿ, ಆಮೇಲೆ ಓದಿ. ಅಕ್ಕನ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಪೋಸ್ಟ್ ಮಾಡೋ ಮುಂಚೆ ಅವಳೇ ಓದಿ ಎರಡು ಕಡೆ ತಿದ್ದಿದ್ದಾಳೆ.

(2/8)
ಅಕ್ಕ ಬಾಣಂತನಕ್ಕೆ ಅಂತ ತುಮಕೂರಿನ ನಮ್ಮ ಮನೆಗೆ ಬಂದವಳು, ಕೆಲಸಕ್ಕೆ ವಾಪಸ್ ಸೇರಿದ ಮೇಲೂ ಇಲ್ಲೇ ಇದ್ದಾಳೆ. ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರು, ರಾತ್ರಿ ವಾಪಸ್. ಭಾವನ ಕೆಲಸ ಬೇರೆ ಊರಲ್ಲಿ, ವಾರಕ್ಕೊಮ್ಮೆ ಬರ್ತಾರೆ. ಆಫೀಸಲ್ಲಿ ದಿನಕ್ಕೆ ಎರಡು ಸಲ ಪಂಪ್ ಮಾಡಿ ಹಾಲು ತರ್ತಾಳೆ. ಮಾರನೇ ದಿನ ಅವಳು ಇಲ್ಲದಾಗ ಅಮ್ಮ ಅದನ್ನ ಪಾಪುಗೆ ಕುಡಿಸ್ತಾರೆ.

ಎರಡು ತಿಂಗಳು ಚೆನ್ನಾಗಿ ನಡೀತು. ಆಮೇಲೆ ಒಂದು ಸಲಕ್ಕೆ 140 ಮಿ.ಲೀ. ಬರ್ತಿದ್ದದ್ದು 90 ಆಯ್ತು, ಇನ್ನೊಂದು ವಾರಕ್ಕೆ 50. ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಮಾತು. ಅಜ್ಜಿ ದೃಷ್ಟಿ ಆಗಿದೆ ಅಂದ್ರು. ಪಕ್ಕದ ಮನೆ ಆಂಟಿ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಜಾಸ್ತಿ ಕೊಡಿ ಅಂದ್ರು. ಇನ್ನೊಬ್ಬರು 'ಕೆಲಸಕ್ಕೆ ಹೋಗೋ ಹೆಂಗಸರಿಗೆ ಹಾಲು ನಿಲ್ಲಲ್ಲಮ್ಮ' ಅಂತ ತೀರ್ಪೇ ಕೊಟ್ಬಿಟ್ರು. ಅಕ್ಕ ಏನೂ ಮಾತಾಡಲಿಲ್ಲ. ಒಂದು ರಾತ್ರಿ ನೀರು ಕುಡಿಯೋಕೆ ಎದ್ದಾಗ ನೋಡ್ತೀನಿ, ಕತ್ತಲಲ್ಲಿ ಆ ಬಾಟಲಿ ಹಿಡ್ಕೊಂಡು ಅಳ್ತಾ ಕೂತಿದ್ಳು. 'ನನ್ನ ಮೈಯಲ್ಲೇ ಏನೋ ತೊಂದರೆ ಕಣೋ' ಅಂದ್ಳು.

ಮಾರನೇ ದಿನ ಪಂಪ್ ಭಾಗಗಳನ್ನ ನಾನು ತೊಳೆದೆ, ಅದೇ ಮೊದಲ ಸಲ. ಈ ವಾಲ್ವನ್ನ ಬೆಳಕಿಗೆ ಹಿಡಿದಾಗ ತುದಿಯಲ್ಲಿ ಕೂದಲಿನಷ್ಟು ಸಣ್ಣದಾಗಿ ಹರಿದಿರೋದು ಕಾಣಿಸ್ತು. ಇನ್ನೂರು ಚಿಲ್ಲರೆ ರೂಪಾಯಿಗೆ ಹೊಸದು ತರಿಸಿದ್ವಿ. ಮೊದಲ ದಿನವೇ 110 ಬಂತು. ನಾಲ್ಕೈದು ದಿನದಲ್ಲಿ ಮೊದಲಿನ ಹಾಗೇ ಆಯ್ತು.

ಕುಕ್ಕರ್ ಕೂಗಲಿಲ್ಲ ಅಂದ್ರೆ ಯಾರೂ ಅಕ್ಕಿಗೆ ಬೈಯಲ್ಲ, ಗ್ಯಾಸ್ಕೆಟ್ ತೆಗೆದು ನೋಡ್ತೀವಿ. ಪಂಪಲ್ಲಿ ಹಾಲು ಬರಲಿಲ್ಲ ಅಂದ್ರೆ ಮಾತ್ರ ನೇರವಾಗಿ ತಾಯಿ ಮೇಲೆ ಹೇಳ್ತೀವಿ. ನನ್ನ ತಕರಾರು ಇಷ್ಟೇ: ಇದೊಂದು ಯಂತ್ರ. ಯಂತ್ರಕ್ಕೆ ಸರ್ವಿಸ್ ಬೇಕು. ಆ ಸರ್ವಿಸ್ ಮಾಡೋ ಕೆಲಸ ಹಾಲು ಕೊಡೋ ತಾಯಿದೇ ಆಗಬೇಕಾಗಿಲ್ಲ.

(3/8) ಬೇಕಾ, ಬೇಡ್ವಾ?
ಎಲ್ಲರಿಗೂ ಬೇಡ. ಮಗು ಜೊತೆಯಲ್ಲೇ ಇದ್ದು, ಅದು ಚೆನ್ನಾಗಿ ಕುಡೀತಿದ್ರೆ ಪಂಪ್ ಇಲ್ಲದೇನೂ ನಡೆಯುತ್ತೆ. ಅಪರೂಪಕ್ಕೆ ಬೇಕಾದಾಗ ಕೈಯಿಂದಲೇ ಹಾಲು ತೆಗೆಯಬಹುದು, ಆಸ್ಪತ್ರೆಯಲ್ಲಿ ನರ್ಸ್ ಹತ್ರ ಕೇಳಿದ್ರೆ ಹೇಳಿಕೊಡ್ತಾರೆ. ಅದಕ್ಕೆ ಸೀಮಂತಕ್ಕೆ ಗಿಫ್ಟ್ ಅಂತ ಕಣ್ಣು ಮುಚ್ಚಿ ದುಬಾರಿ ಪಂಪ್ ತಗೋಬೇಡಿ. ಹೆರಿಗೆ ಆಗಲಿ, ಅಗತ್ಯ ಏನು ಅಂತ ಗೊತ್ತಾಗಲಿ.

ಕೆಲಸಕ್ಕೆ ಹೋಗೋರ ಲೆಕ್ಕ ಬೇರೆ. ಮೊದಲ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಎದೆಹಾಲು ಕೊಡಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ 26 ವಾರ ರಜೆ. ಕೇಳೋಕೆ ಆರು ತಿಂಗಳು ಸರಿಹೋಯ್ತು ಅನ್ಸುತ್ತೆ. ಆದ್ರೆ ಅದರಲ್ಲಿ 8 ವಾರದವರೆಗೂ ಹೆರಿಗೆಗೆ ಮುಂಚೆನೇ ತಗೋಬಹುದು. ಹಾಗೆ ತಗೊಂಡ್ರೆ ಆಮೇಲೆ ಉಳಿಯೋದು 18 ವಾರ, ಅಂದ್ರೆ 126 ದಿನ. ಅಕ್ಕ 6 ವಾರ ಮುಂಚೆ ತಗೊಂಡಿದ್ಳು, ಉಳಿದದ್ದು 140 ದಿನ. ಆರು ತಿಂಗಳಿಗೆ ಇನ್ನೂ 40 ದಿನ ಕಮ್ಮಿ. ಆ ಅಂತರ ತುಂಬೋಕೆ ನಮ್ಮ ಮನೆಗೆ ಪಂಪ್ ಬಂತು.

(4/8) ತಗೊಳ್ಳೋವಾಗ
ಬ್ರ್ಯಾಂಡ್ ಹೆಸರು ಹೇಳಲ್ಲ, ಕೇಳಬೇಡಿ. ಪ್ರಶ್ನೆಗಳನ್ನ ಹೇಳ್ತೀನಿ.

ದಿನಕ್ಕೆ ಎಷ್ಟು ಸಲ? ವಾರಕ್ಕೆ ಒಂದೆರಡು ಸಲ ಆದ್ರೆ ಕೈಯಲ್ಲಿ ಒತ್ತೋ ಮ್ಯಾನ್ಯುಯಲ್ ಪಂಪ್ ಸಾಕು. ಅದಕ್ಕೆ ಕರೆಂಟ್ ಬೇಡ, ಸದ್ದಿಲ್ಲ, ಬೆಲೆನೂ ಕಮ್ಮಿ. ದಿನಾ ಎರಡು ಮೂರು ಸಲ ಅಂದ್ರೆ ಎಲೆಕ್ಟ್ರಿಕ್ ನೋಡಿ.

ಒಂದು ಕಡೆಯದ್ದಾ, ಎರಡೂ ಕಡೆಯದ್ದಾ? ಒಂದು ಕಡೆಗೆ 20 ನಿಮಿಷ ಅಂತ ಇಟ್ಕೊಳ್ಳಿ. ಸಿಂಗಲ್ ಪಂಪಲ್ಲಿ ಒಟ್ಟು 40 ನಿಮಿಷ, ಡಬಲ್ ಪಂಪಲ್ಲಿ 20. ಅಕ್ಕನ ಊಟದ ಬಿಡುವು 30 ನಿಮಿಷ. ಅವಳಿಗೆ ಡಬಲ್ ಪಂಪ್ ಶೋಕಿ ಆಗಿರಲಿಲ್ಲ, ಅದಿಲ್ಲದಿದ್ರೆ ಊಟನೇ ಇರ್ತಿರಲಿಲ್ಲ.

ಅಳತೆ ಸರಿ ಇದೆಯಾ? ಎದೆಗೆ ಇಡೋ ಆಲಿಕೆ ಥರದ ಕಪ್‌ಗೆ ಫ್ಲ್ಯಾಂಜ್ ಅಂತಾರೆ. ಅದು ಬೇರೆ ಬೇರೆ ಅಳತೆಯಲ್ಲಿ ಬರುತ್ತೆ: 21, 24, 27 ಮಿ.ಮೀ. ಹೀಗೆ. ಡಬ್ಬದಲ್ಲಿ ಬಂದದ್ದೇ ಎಲ್ಲರಿಗೂ ಸರಿಹೋಗಬೇಕು ಅಂತಿಲ್ಲ. ಮೊಲೆತೊಟ್ಟಿನ ಬುಡದ ಅಗಲ ಅಳೆದು, ಕಂಪನಿ ಕೊಟ್ಟಿರೋ ಪಟ್ಟಿ ಜೊತೆ ಹೋಲಿಸಿ ಆರಿಸ್ಬೇಕು. ಪಂಪ್ ಓಡುವಾಗ ತೊಟ್ಟು ಗೋಡೆಗೆ ಉಜ್ಜದೆ ಹಿಂದೆ ಮುಂದೆ ಆಡಬೇಕು, ಸುತ್ತಲಿನ ಕಪ್ಪು ಭಾಗ ಜಾಸ್ತಿ ಒಳಗೆ ಎಳೆದುಕೊಳ್ಳಬಾರದು. ನೋವಾಗೋದು ಸಹಜ, ತಡ್ಕೋ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನೋವಾದ್ರೆ ಅಳತೆ ಅಥವಾ ಎಳೆತದ ಮಟ್ಟ ತಪ್ಪಿದೆ ಅಂತ ಅರ್ಥ. ಎಳೆತ ಜೋರಾದ್ರೆ ಹಾಲು ಜಾಸ್ತಿ ಬರುತ್ತೆ ಅನ್ನೋದೂ ಸುಳ್ಳು.

ಕೊನೇದು, ನನ್ನ ಪ್ರಕಾರ ಮುಖ್ಯವಾದದ್ದು: ಬಿಡಿಭಾಗ ಸಿಗುತ್ತಾ? ಆರ್ಡರ್ ಮಾಡೋ ಮುಂಚೆ ಅದೇ ಮಾಡೆಲ್‌ನ ವಾಲ್ವ್, ಮೆಂಬ್ರೇನ್, ಟ್ಯೂಬ್ ಬಿಡಿಯಾಗಿ ಸಿಗುತ್ತಾ ಅಂತ ಹುಡುಕಿ. ಸಿಗಲಿಲ್ಲ ಅಂದ್ರೆ ಆ ಪಂಪ್ ಎಷ್ಟೇ ಅಗ್ಗ ಆಗಿದ್ರೂ ಬಿಡಿ. ಪಂಪ್ ಜೊತೆಗೇ ಒಂದು ಜೊತೆ ವಾಲ್ವ್ ತೆಗೆದಿಟ್ಟುಕೊಳ್ಳಿ.

(5/8) ಸೆಕೆಂಡ್ ಹ್ಯಾಂಡ್?
ಬೈಕ್ ಪೋಸ್ಟಲ್ಲಿ ಸೆಕೆಂಡ್ ಹ್ಯಾಂಡೇ ಬೆಸ್ಟ್ ಅಂದಿದ್ದೆ. ಇಲ್ಲಿ ಹಾಗೆ ಹೇಳಲ್ಲ. ನಮಗೂ ಸಂಬಂಧಿಕರೊಬ್ಬರು 'ನಮ್ಮದು ಸುಮ್ನೆ ಬಿದ್ದಿದೆ, ತಗೊಂಡು ಹೋಗಿ' ಅಂದಿದ್ರು. ಪ್ರೀತಿಯಿಂದಲೇ ಹೇಳಿದ್ರು, ಆದ್ರೂ ಬೇಡ ಅಂದ್ವಿ. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗೋ ಪಂಪ್‌ಗಳು ಒಬ್ಬರ ಬಳಕೆಗೆ ಮಾಡಿದ್ದು. ಕೆಲವು ಓಪನ್ ಸಿಸ್ಟಮ್ ಇರುತ್ತೆ: ಹಾಲಿಗೂ ಮೋಟಾರ್‌ಗೂ ನಡುವೆ ತಡೆ ಇರಲ್ಲ. ಹನಿ ಹಾಲು ಟ್ಯೂಬ್ ದಾಟಿ ಒಳಗೆ ಹೋದ್ರೆ ಅಲ್ಲಿ ಬೂಷ್ಟು ಹಿಡಿಯುತ್ತೆ, ಹೊರಗಿನಿಂದ ಎಷ್ಟು ತೊಳೆದ್ರೂ ಹೋಗಲ್ಲ. ಹೊಸದು ತಗೊಳ್ಳೋವಾಗಲೂ ಕ್ಲೋಸ್ಡ್ ಸಿಸ್ಟಮ್ ಅಂತ ಬರೆದಿರೋದನ್ನೇ ಆರಿಸಿ, ಬಾಳಿಕೆಗೂ ಒಳ್ಳೇದು.

ಸ್ವಲ್ಪ ದಿನಕ್ಕೆ ಮಾತ್ರ ಬೇಕು ಅಂದ್ರೆ, ಹಲವರು ಬಳಸೋಕೆ ಅಂತಲೇ ತಯಾರಿಸಿದ ದೊಡ್ಡ ಪಂಪ್ ಬಾಡಿಗೆಗೆ ಸಿಗುತ್ತಾ ವಿಚಾರಿಸಿ. ಅದರಲ್ಲೂ ಹಾಲು ತಾಗೋ ಭಾಗಗಳ ಕಿಟ್ ನಿಮ್ಮದೇ ಆಗಿರಬೇಕು.

(6/8) ದಿನದ ಕೆಲಸ
ಈಗ ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತೂವರೆ ಡ್ಯೂಟಿ ನಂದು. ಮಾಡೋದು ಇಷ್ಟು:

ಮೊದಲು ಕೈ ತೊಳ್ಕೊಳ್ಳೋದು. ಎಲ್ಲಾ ಭಾಗ ಬಿಡಿಸಿ, ಹಾಲು ತಾಗೋದನ್ನೆಲ್ಲ ನಲ್ಲಿ ನೀರಲ್ಲಿ ತೊಳೆದು, ಆಮೇಲೆ ಇದಕ್ಕೇ ಅಂತ ಇಟ್ಟಿರೋ ಬೇಸಿನ್‌ನಲ್ಲಿ ಸೋಪು, ಬಿಸಿನೀರು ಹಾಕಿ ತೊಳೆಯೋದು. ಎಂಜಲು ತಟ್ಟೆ ಬೀಳೋ ಸಿಂಕ್‌ಗೆ ನೇರ ಹಾಕಲ್ಲ. ಬ್ರಷ್ಷೂ ಬೇರೆ. ವಾಲ್ವ್ ಒಳಗೆ ಮಾತ್ರ ಬ್ರಷ್ ತೂರಿಸಬೇಡಿ, ಬೆರಳಲ್ಲಿ ಮೆಲ್ಲಗೆ ಉಜ್ಜಿ. ನಮ್ಮದು ಹರಿದದ್ದು ಬಹುಶಃ ಹಾಗೇ.

ದಿನಕ್ಕೊಂದು ಸಲ ಕುದಿಯೋ ನೀರಲ್ಲಿ 5 ನಿಮಿಷ. ಮಗುಗೆ ಎರಡು ತಿಂಗಳು ತುಂಬಿಲ್ಲ, ಅಥವಾ ಅವಧಿಗೆ ಮುಂಚೆ ಹುಟ್ಟಿದೆ ಅಂದ್ರೆ ಇದನ್ನ ತಪ್ಪಿಸಲೇಬಾರದು. ನಮ್ಮ ಬೋರ್‌ವೆಲ್ ನೀರಲ್ಲಿ ಕುದಿಸಿದ್ರೆ ಬಿಳಿ ಪೊರೆ ಕೂರುತ್ತೆ, ಅದಕ್ಕೆ ಫಿಲ್ಟರ್ ನೀರು. ಆಮೇಲೆ ಶುಭ್ರ ಬಟ್ಟೆ ಮೇಲೆ ಹರಡಿ ತಾನಾಗಿ ಒಣಗೋಕೆ ಬಿಡೋದು. ಅಡುಗೆಮನೆ ಬಟ್ಟೆಯಲ್ಲಿ ಒರೆಸಿದ್ರೆ ತೊಳೆದದ್ದೆಲ್ಲ ವ್ಯರ್ಥ.

ಮೋಟಾರ್‌ಗೆ ನೀರು ತಾಗಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ಟ್ಯೂಬಲ್ಲಿ ನೀರಿನ ಹನಿ ಕಂಡ್ರೆ ಬರೀ ಟ್ಯೂಬ್ ಸಿಕ್ಕಿಸಿ ಪಂಪನ್ನ ಕೆಲವು ನಿಮಿಷ ಓಡಿಸಿ, ಒಣಗುತ್ತೆ. ಬೂಷ್ಟು ಕಂಡ್ರೆ ತೊಳೆಯೋಕೆ ಹೋಗಬೇಡಿ, ಬಿಸಾಕಿ ಹೊಸದು ಹಾಕಿ.

ವಾರಕ್ಕೊಮ್ಮೆ ಪರೀಕ್ಷೆ: ವಾಲ್ವ್ ತುದಿ ಮುಚ್ಚಿಕೊಂಡಿದೆಯಾ, ಬಾಯಿ ಬಿಟ್ಟಿದೆಯಾ ನೋಡಿ. ಪಂಪ್ ಆನ್ ಮಾಡಿ ಕಪ್ ಬಾಯಿಗೆ ಅಂಗೈ ಇಡಿ. ಎಳೆತ ಮೊದಲಿನಷ್ಟು ಇಲ್ಲ ಅನಿಸಿದ್ರೆ ವಾಲ್ವ್, ಮೆಂಬ್ರೇನ್, ಟ್ಯೂಬ್ ಜೋಡಣೆ, ಬ್ಯಾಟರಿ ಚಾರ್ಜ್, ಈ ಕ್ರಮದಲ್ಲಿ ನೋಡ್ಕೊಂಡು ಬನ್ನಿ. ದಿನಾ ಬಳಸೋರು ವಾಲ್ವನ್ನ ಹರಿಯೋವರೆಗೂ ಕಾಯದೆ ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಾಯಿಸೋದು ಒಳ್ಳೇದು.

ಇದಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ ಅಂದ್ರೆ, ಹೌದು. ಎಷ್ಟು ಹಾಲು ಖಾಲಿಯಾಗುತ್ತೋ ಅದಕ್ಕೆ ತಕ್ಕ ಹಾಗೆ ಮೈ ಹಾಲು ಮಾಡುತ್ತೆ. ಕೆಟ್ಟ ವಾಲ್ವಿಂದ ವಾರಗಟ್ಟಲೆ ಸರಿಯಾಗಿ ಖಾಲಿ ಆಗ್ಲಿಲ್ಲ ಅಂದ್ರೆ, ಯಂತ್ರದ ತೊಂದರೆ ನಿಜವಾಗ್ಲೂ ಮೈಯ ತೊಂದರೆ ಆಗಿಬಿಡುತ್ತೆ. ಇನ್ನೊಂದು ಮಾತು: ಪಂಪಲ್ಲಿ ಬಂದಷ್ಟೇ ಹಾಲು ಇರೋದು ಅಂತ ತಿಳ್ಕೋಬೇಡಿ. ಮಗು ತೂಕ ಸರಿಯಾಗಿ ಏರ್ತಿದೆಯಾ, ಚೆನ್ನಾಗಿ ಉಚ್ಚೆ ಹೋಗ್ತಿದೆಯಾ, ಅದನ್ನ ನೋಡಿ. ಪಂಪ್ ಸರಿ ಇದ್ದೂ ಹಾಲು ಕಮ್ಮಿ ಅನಿಸಿದ್ರೆ ಪಕ್ಕದ ಮನೆಗಲ್ಲ, ಡಾಕ್ಟರ್ ಹತ್ರ ಹೋಗಿ.

(7/8) ಫ್ರಿಜ್ ಮತ್ತು ಫಿಫೋ
ಬಿಕಾಂನೋರಿಗೆ ಇದು ಸುಲಭ. ಸ್ಟಾಕ್ ವ್ಯಾಲ್ಯುಯೇಷನ್‌ನಲ್ಲಿ ಓದಿದ ಫಿಫೋ, ಮೊದಲು ಬಂದದ್ದು ಮೊದಲು ಹೋಗಬೇಕು. ಪ್ರತಿ ಡಬ್ಬಕ್ಕೂ ತಾರೀಖು, ಸಮಯ ಬರೆದು ಹಳೇದನ್ನ ಮುಂದಿಡಿ. ಹಾಲು ಹೊರಗೆ 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ ಒಳಗೆ 4 ದಿನ ಇರುತ್ತೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಆ 4 ಗಂಟೆ ನಂಬಬೇಡಿ. ಅಕ್ಕ ಐಸ್ ಪ್ಯಾಕ್ ಹಾಕಿದ ಕೂಲರ್ ಬ್ಯಾಗಲ್ಲೇ ತರೋದು. ಫ್ರಿಜ್ ಬಾಗಿಲಲ್ಲಿ ಇಡಬೇಡಿ, ಹಿಂದೆ ಇಡಿ. ಬೆಚ್ಚಗೆ ಮಾಡೋಕೆ ಬಿಸಿನೀರಿನ ಬಟ್ಟಲಲ್ಲಿ ಡಬ್ಬ ಇಟ್ರೆ ಸಾಕು, ಒಲೆ ಮೇಲೂ ಬೇಡ, ಮೈಕ್ರೋವೇವೂ ಬೇಡ. ಮಗು ಕುಡಿದು ಉಳಿಸಿದ್ದನ್ನ 2 ಗಂಟೆ ಆದ್ಮೇಲೆ ಚೆಲ್ಲಿಬಿಡಿ, ಅಯ್ಯೋ ಅನ್ಸುತ್ತೆ, ಆದ್ರೂ.

(8/8) ಈಗ ಲೆಕ್ಕ
ನಮ್ಮ ಪಂಪ್ 4,500 ರೂಪಾಯಿ. ಪಾಪುಗೆ ಒಂದು ವರ್ಷ ಆಗೋವರೆಗೂ ಅಂದ್ರೆ ಸುಮಾರು 8 ತಿಂಗಳ ಬಳಕೆ. ತಿಂಗಳಿಗೆ 26 ಕೆಲಸದ ದಿನ, ದಿನಕ್ಕೆ 2 ಸಲ: ಒಟ್ಟು 416 ಸಲ. ನಾಲ್ಕು ಸಲ ವಾಲ್ವ್ ಬದಲಾಯಿಸೋಕೆ 800 ಸೇರಿಸಿ. 5,300 ಭಾಗಿಸು 416, ಒಂದು ಸಲಕ್ಕೆ ಹೆಚ್ಚುಕಮ್ಮಿ 13 ರೂಪಾಯಿ. ಆ 800ನ್ನ ಯಾರೂ ಬಜೆಟ್‌ನಲ್ಲಿ ಇಟ್ಟಿರಲ್ಲ. ಅದಿಲ್ಲದೆ 4,500 ಬೀರು ಒಳಗಿನ ಡೆಡ್ ಸ್ಟಾಕ್.

ಈ ಲೆಕ್ಕದಲ್ಲಿ ನಾನು ಹಾಕದೇ ಇರೋದು ಎರಡಿದೆ. ಒಂದು, ದಿನಾ ತೊಳೆದು ಕುದಿಸಿ ಒಣಗಿಸೋ 25 ನಿಮಿಷ. ಎರಡು ತಿಂಗಳು ಅದನ್ನ ಅಕ್ಕನೇ ಮಾಡಿದ್ಳು, ಟ್ರೈನ್ ಇಳಿದು ಬಂದು, ಪಾಪುನ ಮಲಗಿಸಿ, ಆಮೇಲೆ. ನಾನು ಪಕ್ಕದ ರೂಮಲ್ಲಿ ರೀಲ್ಸ್ ನೋಡ್ತಿದ್ದೆ. ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೋದರಮಾವ ಅಂದ್ರೆ ಕಿವಿ ಚುಚ್ಚೋವಾಗ ತೊಡೆ ಮೇಲೆ ಕೂರಿಸ್ಕೊಳ್ಳೋನು ಅಂತ ಗೊತ್ತಿತ್ತು, ವಾಲ್ವ್ ತೊಳೆಯೋನೂ ಅಂತ ಗೊತ್ತಿರಲಿಲ್ಲ.

ಎರಡನೇದು ಜಾಗ. ಅಕ್ಕ ಪಂಪ್ ಮಾಡೋದು ಹಳೇ ಫೈಲ್ ತುಂಬಿರೋ ಸ್ಟೋರ್ ರೂಮಲ್ಲಿ, ಬಾಗಿಲಿಗೆ ಚಿಲಕ ಇಲ್ಲ, ಹೊರಗೆ ಒಬ್ಬಳು ಗೆಳತಿ ಕಾವಲು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಡೆ ಶಿಶುಪಾಲನಾ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಅನ್ನುತ್ತೆ ಕಾನೂನು. ಆದ್ರೆ ಮಗುನ 70 ಕಿಲೋಮೀಟರ್ ಟ್ರೈನಲ್ಲಿ ಕರ್ಕೊಂಡು ಹೋಗೋಕಾಗದ ತಾಯಿಗೆ ಬೇಕಿರೋದು ಒಂದು ಚಿಲಕ, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್. ಇನ್ನು ಎರಡು ಮೂರು ವರ್ಷಕ್ಕೆ ನಮ್ಮ ಬ್ಯಾಚ್‌ನೋರೇ ಅಕೌಂಟ್ಸಲ್ಲಿ, ಎಚ್ಆರ್‌ನಲ್ಲಿ ಕೂತಿರ್ತೀವಿ. ಆಗ ಈ ಮೂರು ಐಟಂ ಬಿಲ್ ಬಂದ್ರೆ ಪ್ರಶ್ನೆ ಕೇಳದೆ ಪಾಸ್ ಮಾಡಿ.

ಅಲ್ಲಿವರೆಗೂ ಮನೆಯಲ್ಲಿ ಅಕ್ಕನೋ ಅತ್ತಿಗೆನೋ ಪಂಪ್ ಬಳಸ್ತಿದ್ರೆ, ಇವತ್ತು ರಾತ್ರಿ 'ನಾನು ತೊಳೀತೀನಿ ಕೊಡು' ಅನ್ನಿ. ವಾಲ್ವನ್ನ ಬೆಳಕಿಗೆ ಹಿಡಿದು ನೋಡಿ.

ಸೇವ್ ಮಾಡ್ಕೊಳ್ಳಿ, ಮುಖ್ಯವಾಗಿ ನಿಮ್ಮ ಭಾವಂದಿರಿಗೆ ಕಳಿಸಿ. ಮುಂದಿನ ವಾರ ಬಾಳಿಕೆಯಲ್ಲಿ: ಕುಕ್ಕರ್ ಗ್ಯಾಸ್ಕೆಟ್.

#ಬಾಳಿಕೆ #ಎದೆಹಾಲು #ಸೋದರಮಾವನ_ಡ್ಯೂಟಿ #ಬಿಕಾಂ_ಲೆಕ್ಕ #ತುಮಕೂರು