ಮನೆಗೆ ಬಂದದ್ದನ್ನು ಇಟ್ಟುಕೊಳ್ಳುವ ಹಕ್ಕು



ಕಳೆದ ತಿಂಗಳು ಮನೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟಿ.ವಿ. ಮೇಜಿನ ಕೆಳಗೆ ಗುಂಯ್‌ಗುಡುತ್ತಿದ್ದ ಗಣಕಯಂತ್ರವನ್ನು ಕಂಡು, "ಎಲ್ಲಾ ಮೊಬೈಲಿನಲ್ಲೇ ಸಿಗೋ ಕಾಲದಲ್ಲಿ ಇದೇನು ಸಾರ್, ಈ ಹಳೇ ಡಬ್ಬ?" ಎಂದು ನಕ್ಕ. ಅಂದು ಕಾಫಿ ಕೊಟ್ಟು ಕಳುಹಿಸಿದೆ. ಉತ್ತರವನ್ನು ಇಂದು ಕೊಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಗುರುಗಳ ಸಂದರ್ಶನ ಚಂದನದಲ್ಲಿ ಪ್ರಸಾರವಾಯಿತು. ಆಗ ನಮ್ಮ ಮನೆಯಲ್ಲಿದ್ದುದು ಒಂದು ಖಾಸಗಿ ಕಂಪನಿಯ ಸೆಟ್-ಟಾಪ್ ಬಾಕ್ಸು. ಅಂಗಡಿಯಿಂದ ಹಾರ್ಡ್ ಡಿಸ್ಕು ತಂದು ಅದರ ಬೆನ್ನಿಗೆ ಚುಚ್ಚಿ, ಅರ್ಧ ಗಂಟೆಯ ಆ ಮಾತನ್ನು ರೆಕಾರ್ಡು ಮಾಡಿಕೊಂಡೆ. ಮರುವರ್ಷ ಗುರುಗಳು ತೀರಿಕೊಂಡರು. ಅದಾಗಿ ಕೆಲವೇ ತಿಂಗಳಲ್ಲಿ ಬಾಕ್ಸು ಕೆಟ್ಟಿತು. ರಿಪೇರಿಗೆ ಬಂದ ಹುಡುಗ ಅದನ್ನು ಒಯ್ದು ಹೊಸತನ್ನು ಕೂರಿಸಿದ. ಡಿಸ್ಕು ಚುಚ್ಚಿದರೆ ಏನೂ ಕಾಣಲಿಲ್ಲ. "ಅದು ಹಳೇ ಬಾಕ್ಸಿಗೇ ಲಾಕ್ ಆಗಿರುತ್ತೆ ಸಾರ್, ಬೇರೇದರಲ್ಲಿ ಬರಲ್ಲ" ಎಂದ. ಹುಡುಗನ ತಪ್ಪೇನಿಲ್ಲ, ಅವನು ನಿಜವನ್ನೇ ಹೇಳಿದ. ಡಿಸ್ಕು ನನ್ನದು, ಕರೆಂಟು ನನ್ನದು, ಮಾತು ನನ್ನ ಗುರುಗಳದು, ಪ್ರಸಾರ ಸಾರ್ವಜನಿಕ ವಾಹಿನಿಯದು. ಬೀಗದ ಕೈ ಮಾತ್ರ ಇವರಾರಿಗೂ ಸೇರದ ಕಂಪನಿಯದು!

ಇದು ನ್ಯಾಯವೇ ಎಂಬುದು ನನ್ನ ಪ್ರಶ್ನೆ. ಕಾನೂನಂತೂ ನನ್ನ ಪರವಾಗಿದೆ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆಯ 39ನೆಯ ಕಲಮು, ಸ್ವಂತ ಉಪಯೋಗಕ್ಕಾಗಿ ಅಥವಾ ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗಳಿಗಾಗಿ ಪ್ರಸಾರವನ್ನು ಮುದ್ರಿಸಿಕೊಳ್ಳುವುದು ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲವೆಂದು ಹೇಳುತ್ತದೆ. ಅಮೆರಿಕದಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಯಂತ್ರದ ಮೇಲೆ ಚಿತ್ರ ತಯಾರಕರು ಹೂಡಿದ್ದ ಮೊಕದ್ದಮೆಯಲ್ಲಿ, ಮನೆಯಲ್ಲಿ ಮುದ್ರಿಸಿಕೊಂಡು ಆಮೇಲೆ ನೋಡುವುದು ತಪ್ಪಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳು ಪರ, ನಾಲ್ವರು ವಿರುದ್ಧ. ಕಾನೂನು ಕೊಟ್ಟದ್ದನ್ನು ಕಂಪನಿಯ ಬೀಗ ಕಿತ್ತುಕೊಳ್ಳುತ್ತಿದೆ.

ಆದ್ದರಿಂದಲೇ ನಾನು ಆ "ಹಳೇ ಡಬ್ಬ"ವನ್ನು ಕಟ್ಟಿದೆ. ಅದರಲ್ಲಿ ಮಾಯಮಂತ್ರವೇನೂ ಇಲ್ಲ. ಮಗಳು ಬಿಟ್ಟುಹೋದ ಹಳೆಯ ಗಣಕಯಂತ್ರ, ಉಪಗ್ರಹದ ಸಂಕೇತ ಹಿಡಿಯುವ ಒಂದು ಟ್ಯೂನರ್ ಕಾರ್ಡು, ಒಂದು ಟೆರಾಬೈಟಿನ ಡಿಸ್ಕು, ಚಾವಣಿಯ ಮೇಲೊಂದು ಡಿಶ್ಶು. ಒಳಗೆ ಲಿನಕ್ಸ್ ಮತ್ತು ಮಿಥ್‌ಟಿವಿ ಎಂಬ ತಂತ್ರಾಂಶ. ಐಸಾಕ್ ರಿಚರ್ಡ್ಸ್ ಎಂಬಾತ 2002ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಎಷ್ಟೋ ಮಂದಿ ಸೇರಿ ಬೆಳೆಸಿದ್ದಾರೆ. ಉಪಗ್ರಹದಿಂದ ಬರುವ ಚಿತ್ರ ಮೊದಲೇ ಅಂಕೀಯ ರೂಪದಲ್ಲಿ ಸಂಕುಚಿತವಾಗಿರುತ್ತದೆ. ನಮ್ಮ ಯಂತ್ರ ಅದರಲ್ಲಿ ಬೇಕಾದ ವಾಹಿನಿಯ ತುಣುಕುಗಳನ್ನು ಆರಿಸಿ ಡಿಸ್ಕಿಗೆ ಬರೆಯುತ್ತದೆ, ಅಷ್ಟೆ. ಹಾಗಾಗಿ ಮುದಿ ಯಂತ್ರವೂ ಸಾಕು. ಸಾಮಾನ್ಯ ವಾಹಿನಿಯೊಂದರ ಒಂದು ಗಂಟೆಗೆ ಒಂದರಿಂದ ಎರಡು ಗಿಗಾಬೈಟು ಹಿಡಿಯುತ್ತದೆಂದರೆ, ನನ್ನ ಡಿಸ್ಕಿನಲ್ಲಿ ಕಡಿಮೆಯೆಂದರೂ 500 ಗಂಟೆಗಳ ಕಾರ್ಯಕ್ರಮ ಕೂರುತ್ತದೆ. ಮುಖ್ಯ ಸಂಗತಿಯೆಂದರೆ, ಅಲ್ಲಿ ಉಳಿಯುವುದು ಸಾಧಾರಣ ಕಡತ. ಯಂತ್ರ ಸುಟ್ಟರೂ ಡಿಸ್ಕನ್ನು ಇನ್ನೊಂದಕ್ಕೆ ಜೋಡಿಸಿದರೆ ತೆರೆದುಕೊಳ್ಳುತ್ತದೆ.

ನಿಮಗೆ ಸುಳ್ಳು ಹೇಳಲಾರೆ, ನನಗೆ ಇದಕ್ಕೆ ಮೂರು ವಾರ ಹಿಡಿಯಿತು. ವಾಹಿನಿಗಳನ್ನು ಹುಡುಕಿಸುವಷ್ಟರಲ್ಲಿ ಸಾಕುಸಾಕಾಯಿತು. ರಿಮೋಟು ಮಾತು ಕೇಳುವಂತೆ ಮಾಡಿದವನು ನನ್ನ ತಂಗಿಯ ಮಗ. ಹಣ ಕೊಟ್ಟು ನೋಡುವ, ಗೂಢಲಿಪಿಯಲ್ಲಿ ಬರುವ ವಾಹಿನಿಗಳು ಇದರಲ್ಲಿ ಬರುವುದಿಲ್ಲ. ಅವುಗಳ ಬೀಗ ಒಡೆಯಿರೆಂದು ನಾನು ಹೇಳುವುದೂ ಇಲ್ಲ. ನನ್ನ ಮಾತೇನಿದ್ದರೂ ದೂರದರ್ಶನದ ಉಚಿತ ಸೇವೆಯ ಬಗ್ಗೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾಗಿ, ಆಮೇಲೆ ಫ್ರೀ ಡಿಶ್ ಎಂದಾದ ಈ ಸೇವೆಗೆ ತಿಂಗಳ ಬಾಡಿಗೆಯಿಲ್ಲ.

"ಯೂಟ್ಯೂಬಿನಲ್ಲಿ ಇದ್ದೇ ಇರುತ್ತದಲ್ಲ" ಎನ್ನುವವರಿಗೆ ಒಂದು ಮಾತು. ಅಲ್ಲಿರುವುದು ಇಡಬೇಕೆಂದು ಯಾರೋ ತೀರ್ಮಾನಿಸಿದ್ದು. ತೆಗೆಯಬೇಕೆಂದು ಅವರೇ ನಾಳೆ ತೀರ್ಮಾನಿಸಬಹುದು. ನನ್ನ ಗುರುಗಳ ಸಂದರ್ಶನವನ್ನು ಅಲ್ಲಿ ಹುಡುಕಿ ಹುಡುಕಿ ಸೋತಿದ್ದೇನೆ. ದೊಡ್ಡ ಸಂಸ್ಥೆಗಳು ಜೋಪಾನ ಮಾಡುತ್ತವೆಂಬ ನಂಬಿಕೆಯೂ ಬೇಡ. 1960-70ರ ದಶಕಗಳಲ್ಲಿ ಬಿ.ಬಿ.ಸಿ.ಯಂಥ ಬಿ.ಬಿ.ಸಿ.ಯೇ ತನ್ನ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಕಂತುಗಳ ಚಿತ್ರ ಹೀಗೆ ಕಳೆದುಹೋದರೂ ಧ್ವನಿ ಉಳಿದಿದೆ. ಉಳಿಸಿದವರಾರು? ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಮನೆಮಂದಿ! ಫಿಲಡೆಲ್ಫಿಯಾದ ಮರಿಯನ್ ಸ್ಟೋಕ್ಸ್ ಎಂಬ ಹೆಂಗಸು, ಹಿಂದೊಮ್ಮೆ ಗ್ರಂಥಪಾಲಕಿಯಾಗಿದ್ದವರು, 2012ರಲ್ಲಿ ಸಾಯುವವರೆಗೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಗಲಿರುಳೂ ವಾರ್ತೆಗಳನ್ನು ಮುದ್ರಿಸಿದರು. ಸುಮಾರು 70,000 ಟೇಪುಗಳು! ಬದುಕಿದ್ದಾಗ ಅದನ್ನು ಹುಚ್ಚೆಂದವರಿರಬಹುದು. ಇಂದು ಅದು ಇಂಟರ್ನೆಟ್ ಆರ್ಕೈವ್ ಸಂಸ್ಥೆಗೆ ಸೇರಿದ ಭಂಡಾರ.

"ಇದು ಕಳ್ಳತನಕ್ಕೆ ದಾರಿಯಲ್ಲವೇ?" ಎಂಬುದು ಇನ್ನೊಂದು ಆಕ್ಷೇಪ. ಸೀಡಿ ಮಾಡಿ ಮಾರುವವನು ಕಳ್ಳ, ನಿಜ. ಅವನನ್ನು ಹಿಡಿಯಲಿ. ಒಬ್ಬ ಹುಡುಗ ನಕಲು ಹೊಡೆದನೆಂದು ಇಡೀ ತರಗತಿಯ ಪೆನ್ನುಗಳನ್ನು ಕಸಿದುಕೊಳ್ಳುವ ಮೇಷ್ಟ್ರನ್ನು ನೀವು ಒಪ್ಪುವಿರಾ? ಅಮೆರಿಕದ ಸಂಪರ್ಕ ಆಯೋಗ 2003ರಲ್ಲಿ ಇಂಥದೇ ನಿಯಮವೊಂದನ್ನು ಮಾಡಿ, ಪ್ರಸಾರದಲ್ಲಿ ಅಡಕವಾದ ನಿಷೇಧದ ಗುರುತನ್ನು ಎಲ್ಲ ಗ್ರಾಹಕ ಯಂತ್ರಗಳೂ ಪಾಲಿಸಬೇಕೆಂದಿತು. ಗ್ರಂಥಾಲಯ ಸಂಘದವರು ನ್ಯಾಯಾಲಯಕ್ಕೆ ಹೋದರು. 2005ರ ಮೇ ತಿಂಗಳಲ್ಲಿ, ಆಯೋಗಕ್ಕೆ ಆ ಅಧಿಕಾರವೇ ಇಲ್ಲವೆಂದು ನಿಯಮ ಬಿದ್ದುಹೋಯಿತು. ಪುಸ್ತಕ ಕಾಯುವವರು ಟಿ.ವಿ.ಗಾಗಿ ಹೋರಾಡಿದ್ದರ ಅರ್ಥವನ್ನು ಯೋಚಿಸಿ ನೋಡಿ.

"ಎಲ್ಲರಿಗೂ ಇದು ಸಾಧ್ಯವೇ ಸಾರ್?" ಎನ್ನಬಹುದು. ಇಲ್ಲ, ನನ್ನ ಸಿಟ್ಟೂ ಅದೇ. ಅಮೆರಿಕದಲ್ಲಿ 1999ರಲ್ಲಿ ಮಾರುಕಟ್ಟೆಗೆ ಬಂದ ಟಿವೊ ಯಂತ್ರದ ಒಳಗಿದ್ದುದೂ ಇದೇ ಲಿನಕ್ಸ್. ಆದರೆ ಕೊಂಡವನು ಆ ತಂತ್ರಾಂಶವನ್ನು ತಿದ್ದಿದರೆ ಯಂತ್ರ ನಡೆಯದಂತೆ ಕಂಪನಿ ಬೀಗ ಹಾಕಿತ್ತು. ಈ ಚಾಳಿಗೆ ತಡೆಯೊಡ್ಡಲೆಂದೇ 2007ರಲ್ಲಿ ಜಿ.ಪಿ.ಎಲ್. ಪರವಾನಗಿಯ ಮೂರನೆಯ ಆವೃತ್ತಿಯಲ್ಲಿ ಷರತ್ತು ಸೇರಿಸಬೇಕಾಯಿತು. ಮೂರು ವಾರ ಹೆಣಗಿ ನಾನು ಪಡೆದುಕೊಂಡದ್ದನ್ನು ಒಂದು ಗುಂಡಿ ಒತ್ತಿ ಎಲ್ಲರೂ ಪಡೆಯುವಂತೆ ಮಾಡುವುದು ಕಂಪನಿಗಳಿಗೆ ಕಷ್ಟವಲ್ಲ. ಅವರಿಗೆ ಮನಸ್ಸಿಲ್ಲ.

ನಾನು ಕೇಳುವುದು ಎರಡೇ. ಉಚಿತ ವಾಹಿನಿಗಳ ರೆಕಾರ್ಡನ್ನು ಯಾವ ಬಾಕ್ಸೇ ಆಗಲಿ ಬೇರೆಡೆಗೆ ಒಯ್ಯಬಲ್ಲ ಕಡತವಾಗಿ ಕೊಡಬೇಕು. ನಮ್ಮ ತೆರಿಗೆಯ ಹಣದಲ್ಲಿ ನಡೆಯುವ ವಾಹಿನಿಗೆ ಎಂದೂ ಬೀಗ ಬೀಳಬಾರದು.

ಎಂಜಿನಿಯರುಗಳಾಗಿರುವ ನನ್ನ ಶಿಷ್ಯರೇ, ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅಪ್ಪ ಅಮ್ಮನಿಗೆ ಇಂಥದೊಂದು ಯಂತ್ರ ಕಟ್ಟಿಕೊಡಿ. ನನ್ನ ಬೀರುವಿನಲ್ಲಿ ಆ ಹಳೆಯ ಡಿಸ್ಕು ಹಾಗೆಯೇ ಇದೆ. ಗುರುಗಳ ಅರ್ಧ ಗಂಟೆಯ ಮಾತು ಅದರೊಳಗೇ ಇದೆ. ಕೇಳಲು ಮಾತ್ರ ನನ್ನಿಂದಾಗದು. ಅಳಿಸಲು ಮನಸ್ಸು ಬಂದಿಲ್ಲ.