ಮೊಬೈಲಿನ ದೆವ್ವ ಮತ್ತು ಮನೆಯೊಳಗಿನ ಮಲಮಕ್ಕಳು

ನಮ್ಮ ಕರಾವಳಿಯ ಕಟ್ಟಡ ಕೆಲಸ, ರಸ್ತೆ ಕೆಲಸಗಳಲ್ಲಿ ಉತ್ತರ ಕರ್ನಾಟಕದ ಕಾರ್ಮಿಕರು ದುಡಿಯುತ್ತಿರುವುದು ಓದುಗರಿಗೆ ಹೊಸ ವಿಷಯವಲ್ಲ. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯವರೂ ಅವರಲ್ಲಿದ್ದಾರೆ. ದುಡಿಮೆ ಇಲ್ಲಿ, ಮಕ್ಕಳು ಅಲ್ಲಿ. ಊರಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿ ಇರುತ್ತಾಳೆ, ಅಪ್ಪನ ಹಳೆಯ ಮೊಬೈಲ್ ಇರುತ್ತದೆ. ಇವರಿಬ್ಬರಲ್ಲಿ ಈಗ ಕಥೆ ಹೇಳುವವರು ಯಾರು ಎಂಬುದೇ ಈ ಲೇಖನದ ವಿಷಯ.

ನಮ್ಮಲ್ಲಿ ಗಾರೆ ಕೆಲಸಕ್ಕೆ ಬಂದು ಪರಿಚಿತನಾದ ಒಬ್ಬನ ಮನೆಗೆ ಕಳೆದ ಬೇಸಗೆಯಲ್ಲಿ ಹೋಗಿದ್ದೆ. ಮುಂಡರಗಿ ತಾಲೂಕಿನ ಹಳ್ಳಿ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಅವನು ಗಂಡನನ್ನು ಕಳೆದುಕೊಂಡಿದ್ದ ಹೆಣ್ಣುಮಗಳೊಬ್ಬಳನ್ನು ಮದುವೆಯಾಗಿದ್ದಾನೆ. ಅವನಿಗೆ ಒಂಬತ್ತು ವರ್ಷದ ಮಗಳು, ಆಕೆಗೆ ಏಳು ವರ್ಷದ ಮಗ. ಅಜ್ಜಿ ಚಹಾ ಕೊಟ್ಟು, ಮೊಮ್ಮಗಳ ಕಡೆ ಕೈತೋರಿಸಿ, "ಈಕಿ ಈಗೀಗ ಸಣ್ಣವ್ವ ನೀಡಿದ್ದು ಉಣ್ಣೂದಿಲ್ರೀ ಫಾದರ್. ಅದರಾಗ ಏನರ ಹಾಕ್ಯಾಳ ಅಂತಾಳ" ಎಂದಳು. ಸಣ್ಣವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಮಾತು ಆಕೆಗೂ ಕೇಳಿಸಿರಬೇಕು. ಒಂದು ಕ್ಷಣ ರೊಟ್ಟಿ ಬಡಿಯುವ ಸದ್ದು ನಿಂತಿತು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಹುಡುಗಿ ರಾತ್ರಿ ಹೊತ್ತು ಮೊಬೈಲಿನಲ್ಲಿ ಒಂದು ಕಾರ್ಟೂನ್ ಕಥೆ ನೋಡುತ್ತಿದ್ದಳು. ಅದರಲ್ಲಿ ಮಲತಾಯಿ ಇದ್ದಾಳೆ, ಮಲಮಕ್ಕಳು ಇದ್ದಾರೆ, ಅನ್ನದಲ್ಲಿ ವಿಷ ಇದೆ, ಹಾಳುಬಾವಿಯಲ್ಲಿ ದೆವ್ವ ಇದೆ. "ಕಥಿ ಹೆಂಗ ಮುಗೀತವ್ವಾ?" ಎಂದು ನನಗೆ ಬಂದಷ್ಟು ಆ ಭಾಗದ ಮಾತಿನಲ್ಲಿ ಕೇಳಿದೆ. "ಮುಗದಿಲ್ರೀ. ಇನ್ನೂ ಎರಡನೇ ಭಾಗ ಐತಿ" ಎಂದಳು.

ಒಂದೇ ಅಚ್ಚಿನ ಕಥೆಗಳು

ಯೂಟ್ಯೂಬಿನಲ್ಲಿ ಕನ್ನಡದ ಕಾರ್ಟೂನ್ ಕಥೆಗಳನ್ನು ಹುಡುಕಿ ನೋಡಿದವರಿಗೆ ಈ ಅಚ್ಚು ಚೆನ್ನಾಗಿ ಗೊತ್ತು. ಅತ್ತೆ ಸೊಸೆ, ಬಡವ ಶ್ರೀಮಂತ, ಮಲತಾಯಿ ಮಲಮಗಳು, ಮಂತ್ರವಾದಿ, ದೆವ್ವ. ಹೆಸರಿಗೆ ನೀತಿಕಥೆ. ಅನೇಕ ಬಾರಿ ಒಂದೇ ಚಿತ್ರಕ್ಕೆ ತೆಲುಗು, ತಮಿಳು, ಹಿಂದಿ, ಕನ್ನಡದ ದನಿಗಳನ್ನು ಬೇರೆ ಬೇರೆಯಾಗಿ ಜೋಡಿಸಿರುತ್ತಾರೆ. ಗೊಂಬೆಗಳ ಕೈಕಾಲು ಸರಿಯಾಗಿ ಆಡುವುದಿಲ್ಲ, ಆದರೆ ಕಿರುಚಾಟದ ಸದ್ದಿಗೆ ಕೊರತೆಯಿಲ್ಲ. ಕಥೆ ಮುಗಿಯುವ ಮೊದಲೇ ಮುಂದಿನ ಭಾಗದ ಆಸೆ ತೋರಿಸುತ್ತಾರೆ. ಮಗು ಎಷ್ಟು ಹೊತ್ತು ನೋಡುತ್ತದೋ ಅಷ್ಟು ಜಾಹೀರಾತು, ಅಷ್ಟು ಆದಾಯ. ಕಥೆ ಮುಗಿದರೆ ವ್ಯಾಪಾರ ಮುಗಿಯಿತು.

ಇದನ್ನೆಲ್ಲ ಯಾರೋ ದುಷ್ಟರ ಸಂಚು ಎಂದು ಹೇಳುವುದು ಸರಿಯಲ್ಲ. ಇದು ಕಡಿಮೆ ಖರ್ಚಿನ ಉದ್ಯೋಗ. ಕೇಳಬೇಕಾದ ಪ್ರಶ್ನೆ ಬೇರೆ: ಈ ಸರಕು ಮಗುವಿನ ಕೈಗೆ ತಲುಪುವ ದಾರಿಯಲ್ಲಿ ತಡೆದು ನೋಡುವವರು ಯಾರಾದರೂ ಇದ್ದಾರೆಯೇ?

ಟಿವಿಯ ಕಾಲದಲ್ಲಿ ಅಂಥವರು ಅಲ್ಪಸ್ವಲ್ಪ ಇದ್ದರು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಸರಣಿಯ ಒಂದು ಕಂತಿನ ಕೆಂಪು ನೀಲಿ ಬೆಳಕಿನ ಮಿನುಗಾಟದಿಂದ 650ಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಕಂತು ಮತ್ತೆ ಪ್ರಸಾರವಾಗಲಿಲ್ಲ. ನಮ್ಮ ದೇಶದಲ್ಲಿ ಶಿನ್-ಚಾನ್ ಎಂಬ ತುಂಟ ಹುಡುಗನ ಕಾರ್ಟೂನ್ ಬಗ್ಗೆ ಪಾಲಕರ ದೂರುಗಳು ಬಂದಾಗ 2008ರಲ್ಲಿ ಅದರ ಪ್ರಸಾರ ನಿಂತಿತು. ಆಮೇಲೆ ಕತ್ತರಿ ಪ್ರಯೋಗ ಮಾಡಿಸಿಕೊಂಡು ಮರಳಿತು. ಕೇಬಲ್ ಟಿವಿಯ ಕಾರ್ಯಕ್ರಮ ಸಂಹಿತೆಯಲ್ಲಿ, ಮಕ್ಕಳ ಕಾರ್ಯಕ್ರಮಗಳಲ್ಲಿ ಹಿಂಸೆಯ ದೃಶ್ಯ, ಕೆಟ್ಟ ಭಾಷೆ ಇರಬಾರದು, ಮಕ್ಕಳು ಹೆಚ್ಚಾಗಿ ನೋಡುವ ವೇಳೆಯಲ್ಲಿ ಅವರಿಗೆ ತಕ್ಕುದಲ್ಲದ್ದನ್ನು ತೋರಿಸಬಾರದು ಎಂಬ ನಿಯಮಗಳಿವೆ. 2009ರಲ್ಲಿ ಕನ್ನಡದ ಮಕ್ಕಳಿಗಾಗಿ ಚಿಂಟು ಟಿವಿ ಶುರುವಾದಾಗ ಅದೂ ಈ ನಿಯಮಗಳ ಅಡಿಯಲ್ಲೇ ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಟಿವಿ ಪಡಸಾಲೆಯಲ್ಲಿತ್ತು. ಮಗು ಹೆದರಿದರೆ ಪಕ್ಕದಲ್ಲಿ ಕೂತವರಿಗೆ ಗೊತ್ತಾಗುತ್ತಿತ್ತು.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಪಾಠದ ನೆಪದಲ್ಲಿ ಮೊಬೈಲ್ ಮಗುವಿನ ಕೈಗೆ ಬಂತು. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮರಳಿ ಶಾಲೆಗೆ ಬಂದದ್ದು 2021ರ ಅಕ್ಟೋಬರ್ 25ರಂದು. ಶಾಲೆ ತೆರೆಯಿತು, ಮೊಬೈಲ್ ಮಾತ್ರ ಕೈಯಿಂದ ಇಳಿಯಲಿಲ್ಲ.

ಕಾನೂನಿನ ಬಲೆಯ ತೂತು

ಕೇಂದ್ರ ಸರಕಾರ 2021ರ ಫೆಬ್ರವರಿಯಲ್ಲಿ ಮಾಹಿತಿ ತಂತ್ರಜ್ಞಾನ ನಿಯಮಗಳನ್ನು ಹೊರಡಿಸಿತು. ಒಟಿಟಿ ವೇದಿಕೆಗಳು ತಮ್ಮ ಚಿತ್ರ, ಸರಣಿಗಳನ್ನು 7, 13, 16 ವರ್ಷ ಮೇಲ್ಪಟ್ಟವರಿಗೆ, ವಯಸ್ಕರಿಗೆ ಎಂದು ವರ್ಗ ಮಾಡಬೇಕು ಎಂದು ಅದು ಹೇಳಿತು. ಸಿನಿಮಾಗಳಿಗೂ 2023ರ ತಿದ್ದುಪಡಿ ಕಾಯ್ದೆಯಲ್ಲಿ ಇಂಥದೇ ವರ್ಗೀಕರಣ ಬಂತು. ಆದರೆ ಜನರೇ ಯೂಟ್ಯೂಬಿಗೆ ಏರಿಸುವ ವಿಡಿಯೋಗಳಿಗೆ ಈ ವರ್ಗೀಕರಣ ಅನ್ವಯಿಸುವುದಿಲ್ಲ. ಹಣ ಕೊಟ್ಟು ನೋಡುವ ಒಟಿಟಿಗೆ ನಿಯಮವಿದೆ, ಬಡವರ ಮನೆಯ ಮಕ್ಕಳು ಹೆಚ್ಚಾಗಿ ನೋಡುವ ಪುಕ್ಕಟೆ ಕಾರ್ಟೂನಿಗೆ ಇಲ್ಲ.

ಯೂಟ್ಯೂಬಿನಲ್ಲಿ 'ಮಕ್ಕಳಿಗಾಗಿ' ಎಂಬ ಗುರುತು ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಆ ಗುರುತಿನ ಹುಟ್ಟು ಬೇರೆ. ಮಕ್ಕಳ ಮಾಹಿತಿಯನ್ನು ಪಾಲಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ತೆರಲು ಒಪ್ಪಿದವು. ಅದರ ಫಲವಾಗಿ 2020ರ ಜನವರಿಯಿಂದ ಈ ಗುರುತು ಕಡ್ಡಾಯವಾಯಿತು. ವಿಡಿಯೋ ಮಕ್ಕಳದೋ ಅಲ್ಲವೋ ಎಂದು ಹೇಳಬೇಕಾದವನು ಅದನ್ನು ಏರಿಸಿದವನೇ. ಆ ಗುರುತು ಮುಖ್ಯವಾಗಿ ಜಾಹೀರಾತು ಮತ್ತು ಮಾಹಿತಿಗೆ ಸಂಬಂಧಿಸಿದ್ದು. ಕಥೆ ಏಳು ವರ್ಷದ ಮಗುವಿಗೆ ತಕ್ಕುದೇ ಎಂಬುದನ್ನು ಅದು ಹೇಳುವುದಿಲ್ಲ. ಜೊತೆಗೆ ಮೊಬೈಲ್ ಅಪ್ಪನದು, ಖಾತೆ ಅಪ್ಪನದು. ಯಂತ್ರದ ಲೆಕ್ಕದಲ್ಲಿ ಮುಂಡರಗಿಯ ಆ ಹುಡುಗಿ ಮೂವತ್ತೈದು ವರ್ಷದ ಗಂಡಸು.

ನಮ್ಮ ಸಂಸತ್ತು 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಮಾಡಿ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಎಂದಿತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿರ್ಬಂಧಿಸಿದೆ. ಇವು ಸ್ವಾಗತಾರ್ಹ. ಆದರೆ ಖಾತೆಯೇ ಅಪ್ಪನದಾದ ಮನೆಯೊಳಗೆ ಈ ಕಾನೂನುಗಳು ಎಷ್ಟು ದೂರ ಬಂದಾವು?

ಭಯವೇ ಅಪರಾಧಿಯೇ?

ಇಷ್ಟು ಹೇಳಿ 'ಮಕ್ಕಳಿಗೆ ದೆವ್ವದ ಕಥೆಯೇ ಬೇಡ' ಎಂದು ತೀರ್ಪು ಕೊಡುವುದು ಸುಲಭ. ನಾನು ಹಾಗೆ ಹೇಳಲಾರೆ. ನಮ್ಮ ಅಜ್ಜಿಯರು ಹೇಳಿದ ಕಥೆಗಳಲ್ಲಿ ರಾಕ್ಷಸರಿದ್ದರು, ಮಕ್ಕಳನ್ನು ಕಾಡಿಗೆ ಅಟ್ಟುವ ತಾಯಂದಿರಿದ್ದರು. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಕನ್ನಡದ ಇಂಥ ಕಥೆಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. ಅವರ ಸಂಗ್ರಹ ಅವರು ತೀರಿಕೊಂಡ ಮೇಲೆ 1997ರಲ್ಲಿ ಪುಸ್ತಕವಾಯಿತು. ಅಡುಗೆಮನೆಯಲ್ಲಿ, ಮಕ್ಕಳಿಗೆ ಉಣಿಸುವ ಹೊತ್ತಿನಲ್ಲಿ ಹೆಂಗಸರು ಈ ಕಥೆಗಳನ್ನು ಹೇಳುತ್ತಿದ್ದುದನ್ನು ಅವರು ಗುರುತಿಸಿದ್ದಾರೆ. ಭಯ ಕೈತುತ್ತಿನ ಜೊತೆಗೆ ಬರುತ್ತಿತ್ತು. ಮಗು ಕಣ್ಣರಳಿಸಿದರೆ ಅಜ್ಜಿ ದನಿ ತಗ್ಗಿಸುತ್ತಿದ್ದಳು. ಊಟ ಮುಗಿಯುವಷ್ಟರಲ್ಲಿ ಕಥೆ ಮುಗಿಯುತ್ತಿತ್ತು, ರಾಕ್ಷಸನೂ ಸಾಯುತ್ತಿದ್ದ. ಮಗು ತನ್ನೊಳಗಿನ ಅಂಜಿಕೆಯನ್ನು ಇಂಥ ಕಥೆಗಳ ಮೂಲಕ ಎದುರಿಸಲು ಕಲಿಯುತ್ತದೆ ಎಂದು ಮನೋವಿಜ್ಞಾನಿ ಬ್ರೂನೋ ಬೆಟೆಲ್‌ಹೈಮ್ 1976ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಮೊಬೈಲಿನ ದೆವ್ವ ಮಗುವಿನ ಮುಖ ನೋಡಿ ದನಿ ತಗ್ಗಿಸುವುದಿಲ್ಲ. ಎರಡನೇ ಭಾಗ ಬರುವವರೆಗೆ ಆ ಹುಡುಗಿ ಭಯವನ್ನು ಒಬ್ಬಳೇ ಹೊತ್ತು ಮಲಗಬೇಕು.

ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಹಾಳುಬಾವಿಯ ದೆವ್ವ ಹಾಳುಬಾವಿಯಲ್ಲೇ ಉಳಿಯುತ್ತದೆ. ಮಲತಾಯಿ, ಮಲಮಗ ಹಾಗಲ್ಲ, ಅವರು ಒಂದೇ ಸೂರಿನ ಕೆಳಗೆ ಇದ್ದಾರೆ. ಗ್ರಿಮ್ ಸಹೋದರರ ಪ್ರಸಿದ್ಧ ಕಥೆಗಳ 1812ರ ಮೊದಲ ಆವೃತ್ತಿಯಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳನ್ನು ಮಲತಾಯಿಯಾಗಿ ಬದಲಿಸಿದರು. ಹಾನ್ಸೆಲ್ ಮತ್ತು ಗ್ರೆಟೆಲ್ ಕಥೆಯ ತಾಯಿಯೂ 1840ರ ಹೊತ್ತಿಗೆ ಮಲತಾಯಿಯಾದಳು. ಹೆತ್ತವಳ ಹೆಸರು ಕೆಡಬಾರದೆಂದು ಪಾಪವನ್ನು ಮಲತಾಯಿಯ ತಲೆಗೆ ಕಟ್ಟಿದರು. ಆ ಹೊರೆ ಅವಳ ತಲೆಯಿಂದ ಇನ್ನೂ ಇಳಿದಿಲ್ಲ. ನಮ್ಮ ಪತ್ರಿಕೆಗಳೂ ಕಡಿಮೆಯೇನಿಲ್ಲ. ಉತ್ತರ ಕರ್ನಾಟಕಕ್ಕೆ ನೀರು, ಅನುದಾನ ಸಿಗದಿದ್ದಾಗ ನಾವು ಬರೆಯುವುದು 'ಮಲತಾಯಿ ಧೋರಣೆ' ಎಂದೇ. ನಾನೂ ಬರೆದಿದ್ದೇನೆ. ಆ ಪದ ರೊಟ್ಟಿ ಬಡಿಯುವ ಹೆಂಗಸಿನ ಕಿವಿಗೂ ಬೀಳುತ್ತದೆ ಎಂದು ಯೋಚಿಸಿರಲಿಲ್ಲ.

ಇಂಥ ಮನೆಗಳು ಅಪರೂಪವೇನಲ್ಲ. ಗಂಡ ಸತ್ತವಳಿಗೆ ಸೀರೆ ಉಡಿಸಿ ಮದುವೆ ಮಾಡುವ 'ಉಡಿಕಿ' ಪದ್ಧತಿ ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಹಿಂದಿನಿಂದಲೂ ಇದೆ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಬಹಳ ಮಕ್ಕಳು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡರು. ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರಕಾರ 2021ರಲ್ಲಿ ಬಾಲ ಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಒಬ್ಬರು ಉಳಿದ ಮನೆಗಳಲ್ಲಿ ಕೆಲವರು ಮತ್ತೆ ಸಂಸಾರ ಕಟ್ಟಿಕೊಂಡಿದ್ದಾರೆ. ಎರಡು ಒಡೆದ ಮನೆಗಳು ಸೇರಿ ಒಂದಾಗುವುದು ಮೊದಲೇ ಕಷ್ಟದ ಕೆಲಸ. ಅದರ ನಡುವೆ, 'ನಿನ್ನ ಪಕ್ಕದಲ್ಲಿ ಮಲಗಿದವನು ನಿನ್ನ ಶತ್ರು' ಎಂದು ಪ್ರತಿ ರಾತ್ರಿ ಮಗುವಿನ ಕಿವಿಯಲ್ಲಿ ಹೇಳುವುದು ಎಂಥ ಮನರಂಜನೆ?

ಆ ನೆಲದಲ್ಲೇ ಇರುವ ಉತ್ತರ

ಸೋಜಿಗವೆಂದರೆ, ಅಣ್ಣತಮ್ಮಂದಿರ ಕಲಹದ ಅತಿ ದೊಡ್ಡ ಕನ್ನಡ ಕಥೆ ಅದೇ ಜಿಲ್ಲೆಯದು. 15ನೇ ಶತಮಾನದ ಕುಮಾರವ್ಯಾಸ ತನ್ನ ಭಾರತವನ್ನು ರಚಿಸಿದ್ದು ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ. ಅವನಿಗಿಂತ ಸುಮಾರು ಐನೂರು ವರ್ಷ ಮೊದಲು ಪಂಪ ತನ್ನ ಭಾರತಕ್ಕೆ ಆರಿಸಿಕೊಂಡದ್ದು ಪುಲಿಗೆರೆಯ ತಿರುಳ್ಗನ್ನಡವನ್ನು. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. ಕರ್ಣ ಮತ್ತು ಅರ್ಜುನ ಒಬ್ಬಳೇ ತಾಯಿಯ, ಬೇರೆ ಬೇರೆ ತಂದೆಯರ ಮಕ್ಕಳು. ಒಬ್ಬನ ಬಾಣಕ್ಕೆ ಇನ್ನೊಬ್ಬ ಸಾಯುತ್ತಾನೆ. ಅಷ್ಟು ರಕ್ತ ಹರಿದ ಕಥೆಯನ್ನು ಹಳ್ಳಿಯ ಕಟ್ಟೆಗಳಲ್ಲಿ ಮಕ್ಕಳೂ ಕೂತು ಕೇಳಿದ್ದಾರೆ. ಆದರೆ ಕರ್ಣ ಬಿದ್ದಾಗ ಕೇಳುಗರು ಚಪ್ಪಾಳೆ ತಟ್ಟುವುದಿಲ್ಲ, ಕಣ್ಣೊರೆಸಿಕೊಳ್ಳುತ್ತಾರೆ. ಎದುರಾಳಿಯೂ ತನ್ನ ರಕ್ತವೇ ಎಂದು ಆ ಕವಿಗಳು ಮರೆಯಗೊಡಲಿಲ್ಲ. ರಾಮ ಮತ್ತು ಭರತರ ತಾಯಂದಿರು ಬೇರೆ. ಆದರೂ ಭರತನನ್ನು 'ಮಲತಮ್ಮ' ಎಂದು ಯಾವ ಅಜ್ಜಿಯೂ ಕರೆದದ್ದಿಲ್ಲ. ಬೈಬಲಿನ ಜೋಸೆಫನನ್ನು ಮಾರಿದವರೂ ಬೇರೆ ತಾಯಂದಿರ ಮಕ್ಕಳೇ, ಬರಗಾಲದಲ್ಲಿ ಅವನು ಅವರಿಗೆ ಧಾನ್ಯ ಕೊಟ್ಟ. ಎರಡು ಧರ್ಮಗಳ ಭಕ್ತರು ಒಂದೇ ಗದ್ದುಗೆಗೆ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠವೂ ಆ ಹಳ್ಳಿಯಿಂದ ಬಹಳ ದೂರವಿಲ್ಲ. ಬೇರೆ ಬೇರೆ ಮನೆಯಿಂದ ಬಂದವರು ಒಂದೇ ಮನೆಯವರಾಗಬಹುದು ಎಂಬುದಕ್ಕೆ ಆ ಭಾಗದಲ್ಲಿ ಕಥೆಗಳ ಕೊರತೆಯಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮಕ್ಕಳಿಗಾಗಿ ಎಂದು ಏರಿಸುವ ಕಥಾ ವಿಡಿಯೋಗಳಿಗೂ ಒಟಿಟಿಗೆ ಇರುವಂಥ ವಯಸ್ಸಿನ ಗುರುತು ಬೇಕೆಂದು ಸರಕಾರವನ್ನು ಕೇಳಬೇಕು. ಕನ್ನಡದಲ್ಲಿ ಇಂಥ ಕಥೆ ಮಾಡುವವರು ಮಲತಾಯಿಯನ್ನು ಒಮ್ಮೆಯಾದರೂ ಒಳ್ಳೆಯವಳನ್ನಾಗಿ ತೋರಿಸಿ ನೋಡಲಿ, ಕಥೆಯನ್ನು ಒಂದೇ ಕಂತಿನಲ್ಲಿ ಮುಗಿಸಲಿ. ಪತ್ರಿಕೆಯವರಾದ ನಾವು 'ಮಲತಾಯಿ ಧೋರಣೆ'ಯನ್ನು ಬಿಟ್ಟು 'ತಾರತಮ್ಯ' ಎಂದು ಬರೆದರೆ ಯಾರಿಗೂ ನಷ್ಟವಿಲ್ಲ. ಪಾಲಕರು ಮೊಬೈಲ್ ಕಸಿದುಕೊಳ್ಳುವ ಮೊದಲು ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕೂತು ನೋಡಲಿ, 'ಆಮೇಲೆ ಏನಾಯಿತು?' ಎಂದು ಕೇಳಲಿ. ದೂರದಲ್ಲಿ ದುಡಿಯುವ ಅಪ್ಪ ರಾತ್ರಿ ಫೋನ್ ಮಾಡಿದಾಗ ಊಟ ಆಯಿತೇ ಎಂದು ಕೇಳುವ ಜೊತೆಗೆ ಒಂದು ಸಣ್ಣ ಕಥೆಯನ್ನೂ ಹೇಳಬಹುದು. ಅದಕ್ಕೂ ಅದೇ ಮೊಬೈಲ್ ಸಾಕು.

ಹೊರಡುವಾಗ ಅಜ್ಜಿ ಇನ್ನೊಂದು ಮಾತು ಹೇಳಿದಳು. ಆ ಕಾರ್ಟೂನ್ ನೋಡಿದಾಗಿನಿಂದ ಹುಡುಗಿಗೆ ರಾತ್ರಿ ಹಿತ್ತಲಿಗೆ ಹೋಗಲು ಅಂಜಿಕೆ. ಅಜ್ಜಿಗೆ ಮೊಣಕಾಲು ನೋವು, ಎದ್ದು ಹೋಗಲಾಗದು. ಹಾಗಾಗಿ ಬ್ಯಾಟರಿ ಹಿಡಿದು ಅಕ್ಕನ ಜೊತೆಗೆ ಹೋಗಿ, ಬಾಗಿಲ ಹೊರಗೆ ಕಾದು ನಿಂತು ಕರೆತರುವವನು ಆ ಏಳು ವರ್ಷದ ಹುಡುಗ. ಕಾರ್ಟೂನಿನ ಪ್ರಕಾರ ಅವನೇ ಅವಳ ಶತ್ರು. ಪ್ರಿಯ ಓದುಗರೇ, ಆ ಮನೆಯಲ್ಲಿ ನಿಜವಾಗಿ ನಡೆಯುತ್ತಿರುವ ಕಥೆ ಇದು. ಇದನ್ನು ಆ ಹುಡುಗಿಗೆ ಹೇಳುವವರು ಬೇಕಾಗಿದ್ದಾರೆ.