ಸರ್ವರ್ ಅಪ್‌ಗ್ರೇಡ್ ಆದ ಮೇಲೆ ಎಲ್ಲ ನಿಧಾನ: ತಪ್ಪು ಅಪ್‌ಡೇಟ್‌ನದ್ದೇನಾ?

ಕಳೆದ ಮಳೆಗಾಲದಲ್ಲಿ ಅಪ್ಸರಕೊಂಡಕ್ಕೆ ಹೋಗಿದ್ದಾಗ ಹೊನ್ನಾವರ ಪೇಟೆಯ ಒಂದು ಸಹಕಾರಿ ಸೊಸೈಟಿಗೂ ನಾವು ಹೋಗಬೇಕಾಯಿತು. ಬೆಳಿಗ್ಗೆ ಹತ್ತೂವರೆ. ಕೌಂಟರ್ ಮುಂದೆ ಉದ್ದ ಸಾಲು. ಅಪ್ಸರಕೊಂಡದಿಂದ ಬಸ್ಸಿನಲ್ಲಿ ಬಂದಿದ್ದ ಮೀನು ಮಾರುವ ಹೆಂಗಸೊಬ್ಬರು ಪಿಗ್ಮಿ ಹಣ ತೆಗೆಯಲು ನಿಂತಿದ್ದರು. ಮೊಮ್ಮಗಳ ಕಾಲೇಜು ಫೀ ಕಟ್ಟಲು ಮರುದಿನವೇ ಕೊನೆ.

"ಸರ್ವರ್ ಹೊಸದು ಮಾಡಿದ ಮೇಲೆ ಹೀಗೇ ಆಗ್ತಾ ಉಂಟು ಅಮ್ಮ, ನಾಳೆ ಬನ್ನಿ" ಎಂದರು ಗುಮಾಸ್ತರು.

"ನಿನ್ನೆನೂ ಅದೇ ಹೇಳಿದ್ಯಲ್ಲ ತಮಾ?"

ಸಾಲಿನಲ್ಲಿದ್ದ ಯುವಕನೊಬ್ಬ ತನ್ನ ಮೊಬೈಲ್ ತೋರಿಸಿದ. ಅದರಲ್ಲೊಂದು ಫಾರ್ವರ್ಡ್: ಸಿಸ್ಟಮ್ ಅಪ್‌ಡೇಟ್ ಮಾಡಿದರೆ ಪ್ರೊಸೆಸರ್ ಬಿಸಿಯಾಗಿ ಹಾಳಾಗುತ್ತದೆ, ಹೊಸದು ಕೊಳ್ಳಲಿ ಎಂದು ಕಂಪನಿಗಳೇ ಹೀಗೆ ಮಾಡುತ್ತವೆ, ಯಾರೂ ಅಪ್‌ಡೇಟ್ ಮಾಡಬೇಡಿ, ಹತ್ತು ಜನರಿಗೆ ಕಳಿಸಿ. ಇಂಥದ್ದು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು.

ಇದು ನಿಜವೇ? ಚಿಕ್ಕ ಉತ್ತರ: ಅಪ್‌ಗ್ರೇಡ್ ಆದ ಮೇಲೆ ಪ್ರೊಸೆಸರ್ ಮೇಲೆ ಹೊರೆ ಹೆಚ್ಚುವುದು ನಿಜ. ಆದರೆ ಅದು ಜ್ವರದ ಹಾಗೆ. ಜ್ವರವೇ ರೋಗವಲ್ಲ, ಒಳಗೆ ಏನೋ ನಡೆದಿದೆ ಎಂಬ ಸೂಚನೆ. ಕಾರಣ ನೋಡದೆ ಅಪ್‌ಡೇಟ್ ಅನ್ನೇ ಬಿಡುವುದು ಥರ್ಮಾಮೀಟರ್ ಒಡೆದು ಹಾಕಿದ ಹಾಗೆ.

ಪ್ರೊಸೆಸರ್ 100% ಅಂದರೆ ಏನು?

ಸರ್ವರ್ ಎಂದರೆ ಹಲವರಿಗೆ ಒಟ್ಟಿಗೆ ಸೇವೆ ಕೊಡುವ ಕಂಪ್ಯೂಟರ್. ಅದರ ಪ್ರೊಸೆಸರ್ ಅನ್ನು ಹೋಟೆಲಿನ ಅಡುಗೆ ಭಟ್ಟರು ಎಂದುಕೊಳ್ಳಿ. 100% ಎಂದರೆ ಭಟ್ಟರಿಗೆ ಒಂದು ಕ್ಷಣವೂ ಪುರುಸೊತ್ತಿಲ್ಲ ಎಂದರ್ಥ, ಅವರು ಸಾಯುತ್ತಿದ್ದಾರೆ ಎಂದಲ್ಲ. ಪ್ರೊಸೆಸರ್ ಮಿತಿ ಮೀರಿ ಬಿಸಿಯಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಇನ್ನೂ ಬಿಸಿಯಾದರೆ ಯಂತ್ರ ಆಫ್ ಆಗುತ್ತದೆ. ಆ ರಕ್ಷಣೆ ಅದರೊಳಗೇ ಇದೆ.

ಇಲ್ಲೊಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ. ಇಂದಿನ ಪ್ರೊಸೆಸರ್‌ನಲ್ಲಿ ನಾಲ್ಕು, ಎಂಟು ಅಥವಾ ಹೆಚ್ಚು ಕೋರ್‌ಗಳಿರುತ್ತವೆ, ಅಂದರೆ ಅಷ್ಟು ಜನ ಭಟ್ಟರು. ಲಿನಕ್ಸ್ ಸರ್ವರ್‌ನ 'ಟಾಪ್' ಪಟ್ಟಿಯಲ್ಲಿ ಒಂದು ಪ್ರೋಗ್ರಾಂ 100% ಎಂದು ಕಂಡರೆ ಸಾಮಾನ್ಯವಾಗಿ ಒಬ್ಬ ಭಟ್ಟರು ಪೂರ್ತಿ ಅದರಲ್ಲೇ ತೊಡಗಿದ್ದಾರೆ ಎಂದಷ್ಟೇ ಅರ್ಥ. ಎಂಟು ಕೋರ್‌ಗಳ ಯಂತ್ರದಲ್ಲಿ ಅದು ಒಟ್ಟು ಶಕ್ತಿಯ ಎಂಟನೇ ಒಂದು ಭಾಗ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಎಲ್ಲ ಕೋರ್ ಸೇರಿಸಿ ಲೆಕ್ಕ ತೋರಿಸುತ್ತದೆ. ಎರಡರ ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಗೊಂದಲ ಖಂಡಿತ.

ಕಾರಣ 1: ಹೊಸ ಮನೆಯ ಮೊದಲ ದಿನ

ಹೊಸ ಮನೆಗೆ ಹೋದ ದಿನ ಅಡುಗೆಗಿಂತ ಡಬ್ಬ ಜೋಡಿಸುವ ಕೆಲಸವೇ ಹೆಚ್ಚು. ಆಪರೇಟಿಂಗ್ ಸಿಸ್ಟಮ್ ಬದಲಾದಾಗಲೂ ಹಾಗೇ. ಫೈಲುಗಳನ್ನು ಬೇಗ ಹುಡುಕಲು ಬೇಕಾದ ಸೂಚಿಯನ್ನು ಅದು ಮತ್ತೆ ಬರೆಯುತ್ತದೆ, ಆ್ಯಂಟಿವೈರಸ್ ಹೊಸ ಫೈಲುಗಳನ್ನೆಲ್ಲ ತಪಾಸಣೆ ಮಾಡುತ್ತದೆ, ಉಳಿದ ಸಣ್ಣ ಅಪ್‌ಡೇಟ್‌ಗಳು ಇಳಿಯುತ್ತವೆ. ಮೊಬೈಲ್‌ನಲ್ಲಿ ಆ್ಯಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ಈ ಹೊರೆ ಸಾಮಾನ್ಯವಾಗಿ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಇದಕ್ಕೆ ಮದ್ದು ಕಾಯುವುದೇ.

ಕಾರಣ 2: ಬೀಗದ ಬೆಲೆ

ಕೆಲವೊಮ್ಮೆ ಹೊರೆ ಇಳಿಯುವುದೇ ಇಲ್ಲ, ಏಕೆಂದರೆ ಕೆಲಸವೇ ಹೆಚ್ಚಾಗಿರುತ್ತದೆ. 2018ರ ಜನವರಿಯಲ್ಲಿ 'ಮೆಲ್ಟ್‌ಡೌನ್' ಮತ್ತು 'ಸ್ಪೆಕ್ಟರ್' ಎಂಬ ದೋಷಗಳು ಬಹಿರಂಗವಾದವು. ಇವು ಪ್ರೊಸೆಸರ್‌ನ ವಿನ್ಯಾಸದಲ್ಲೇ ಇದ್ದ ದೋಷಗಳು. ಇವುಗಳ ಮೂಲಕ ಒಂದು ಪ್ರೋಗ್ರಾಂ ತನಗೆ ಹಕ್ಕಿಲ್ಲದ ಮಾಹಿತಿಯನ್ನು, ಉದಾಹರಣೆಗೆ ಪಾಸ್‌ವರ್ಡ್ ಅನ್ನು, ಇಣುಕಿ ನೋಡಲು ಸಾಧ್ಯವಿತ್ತು.

ಚಿಪ್ ಬದಲಿಸಲು ಆಗದು, ಹಾಗಾಗಿ ಆಪರೇಟಿಂಗ್ ಸಿಸ್ಟಮ್‌ಗಳಿಗೆ ತುರ್ತು ಅಪ್‌ಡೇಟ್ ಬಂತು. ಪ್ರೋಗ್ರಾಂಗಳು ಸಿಸ್ಟಮ್‌ನ ಒಳಕೋಣೆಗೆ ಹೋಗಿ ಬರುವಾಗಲೆಲ್ಲ ಬೀಗ ಹಾಕಿ ತೆಗೆಯುವಂಥ ವ್ಯವಸ್ಥೆ ಅದು. ಪದೇ ಪದೇ ಒಳಗೆ ಹೋಗಿ ಬರುವ ಕೆಲಸಗಳು ಇದರಿಂದ ನಿಧಾನವಾದವು. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿ, ಅಪ್‌ಡೇಟ್ ಹಾಕಿದ ಗಳಿಗೆಯಿಂದ ತನ್ನ ಒಂದು ಸರ್ವರ್‌ನ ಪ್ರೊಸೆಸರ್ ಬಳಕೆ ಒಮ್ಮೆಲೇ ಏರಿದ್ದನ್ನು ತೋರಿಸುವ ಗ್ರಾಫ್ ಅನ್ನೇ ಪ್ರಕಟಿಸಿತು. ಇಲ್ಲಿ ತಪ್ಪು ಅಪ್‌ಡೇಟ್‌ನದ್ದಲ್ಲ. ಅದು ಸುರಕ್ಷತೆಗೆ ಕೊಟ್ಟ ಬೆಲೆ.

ಕಾರಣ 3: ಹೊಂದಿಕೊಳ್ಳದ ಸೆಟ್ಟಿಂಗ್

ಹಳೆಯ ಡ್ರೈವರ್, ಹಳೆಯ ಡೇಟಾಬೇಸ್, ಅಪ್‌ಗ್ರೇಡ್ ಸಮಯದಲ್ಲಿ ಬದಲಾದ ಒಂದು ಸೆಟ್ಟಿಂಗ್, ಇವುಗಳಲ್ಲಿ ಯಾವುದಾದರೂ ಸರ್ವರ್ ಅನ್ನು ಸುಮ್ಮನೆ ಸುತ್ತುವಂತೆ ಮಾಡಬಹುದು. ಗಡಿಯಾರವೂ ಮಾಡಬಹುದು. 2012ರ ಜೂನ್ 30ರಂದು ಜಾಗತಿಕ ಸಮಯಕ್ಕೆ ಒಂದು 'ಅಧಿಕ ಸೆಕೆಂಡ್' ಸೇರಿಸಿದಾಗ ಎಷ್ಟೋ ಲಿನಕ್ಸ್ ಸರ್ವರ್‌ಗಳ ಪ್ರೊಸೆಸರ್ ಬಳಕೆ ಗಗನಕ್ಕೇರಿತು. ರೆಡಿಟ್‌ನಂಥ ದೊಡ್ಡ ತಾಣವೂ ತೊಂದರೆಗೆ ಸಿಲುಕಿತು. ಅಂದು ಯಾರೂ ಅಪ್‌ಗ್ರೇಡ್ ಮಾಡಿರಲಿಲ್ಲ. ಕೋಡ್‌ನಲ್ಲಿ ಮೊದಲೇ ಇದ್ದ ತಪ್ಪು ಆ ಒಂದು ಸೆಕೆಂಡಿಗೆ ಹೊರಬಂದಿತ್ತು. ಎಷ್ಟೋ ಕಡೆ ಪರಿಹಾರವೂ ವಿಚಿತ್ರ: ಗಡಿಯಾರಕ್ಕೆ ಅದೇ ಸಮಯವನ್ನು ಮತ್ತೊಮ್ಮೆ ಹೊಂದಿಸಿದರೆ ಸಾಕಿತ್ತು.

ಕಾರಣ 4: ಬಾಗಿಲಲ್ಲಿ ನಕಲಿ ಗಿರಾಕಿಗಳು

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಆಸ್ತಿ ನೋಂದಣಿಗೆ 'ಕಾವೇರಿ 2.0' ಎಂಬ ಹೊಸ ತಂತ್ರಾಂಶ 2023ರಲ್ಲಿ ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಿಗೆ ಹಂತಹಂತವಾಗಿ ಬಂತು. 2025ರ ಜನವರಿಯಲ್ಲಿ ಅದು ತೀರಾ ನಿಧಾನವಾಗಿ, ನೋಂದಣಿಗೆ ಬಂದ ಜನ ಕಚೇರಿಗಳಲ್ಲಿ ಕಾಯಬೇಕಾಯಿತು. ಹೊಸ ಸಾಫ್ಟ್‌ವೇರ್ ಸರಿಯಿಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ತನಿಖೆಯಲ್ಲಿ ಕಂಡದ್ದು ಬೇರೆ. ನಕಲಿ ಖಾತೆಗಳ ಮೂಲಕ ಯಾರೋ ಋಣಭಾರ ಪತ್ರ, ಅಂದರೆ ಇ.ಸಿ. ಹುಡುಕುವ ಕೋರಿಕೆಗಳನ್ನು ಯಂತ್ರದಿಂದ ಸುರಿಯುತ್ತಿದ್ದರು. ಒಂದು ಹಂತದಲ್ಲಿ ಎರಡೇ ಗಂಟೆಯಲ್ಲಿ ಸುಮಾರು 6.2 ಲಕ್ಷ ಕೋರಿಕೆಗಳು ಬಂದಿದ್ದವು ಎಂದು ಅಧಿಕಾರಿಗಳು ತಿಳಿಸಿದರು. ಸೈಬರ್ ಕ್ರೈಂ ಪೊಲೀಸರಲ್ಲಿ ದೂರು ದಾಖಲಾಯಿತು. ಊಟ ಮಾಡದ ಸಾವಿರ ಜನ ಬಂದು ಆರ್ಡರ್ ಕೊಟ್ಟರೆ ಎಂಥ ಅಡುಗೆಮನೆಯಾದರೂ ಸೋಲುತ್ತದೆ.

ಹಾಗಾದರೆ ಹುಡುಕುವುದು ಹೇಗೆ?

ನಾಲ್ಕೂ ಕಾರಣಗಳಲ್ಲಿ ಹೊರಗೆ ಕಾಣುವ ಲಕ್ಷಣ ಒಂದೇ: ಎಲ್ಲ ನಿಧಾನ. ಆದ್ದರಿಂದ ಸರ್ವರ್ ನೋಡಿಕೊಳ್ಳುವವರು ಈ ಪ್ರಶ್ನೆಗಳನ್ನು ಕ್ರಮವಾಗಿ ಕೇಳುತ್ತಾರೆ.

ಯಾರು? ಪಟ್ಟಿ ತೆರೆದು ಯಾವ ಪ್ರೋಗ್ರಾಂ ಹೆಚ್ಚು ಪ್ರೊಸೆಸರ್ ಬಳಸುತ್ತಿದೆ ಎಂದು ನೋಡುವುದು.

ಎಂಥ ಕೆಲಸ? ಹೊರೆ ಆ ಪ್ರೋಗ್ರಾಂನದ್ದೇ, ಆಪರೇಟಿಂಗ್ ಸಿಸ್ಟಮ್‌ನದ್ದೇ, ಅಥವಾ ಡಿಸ್ಕ್‌ಗಾಗಿ ಕಾಯುತ್ತಿರುವುದೇ? ಡಿಸ್ಕ್ ನಿಧಾನವಾಗಿದ್ದರೆ ಪ್ರೊಸೆಸರ್ ಅನ್ನು ಬೈದು ಉಪಯೋಗವಿಲ್ಲ.

ಯಾವಾಗ? ಇಡೀ ದಿನವೇ, ನಿರ್ದಿಷ್ಟ ಹೊತ್ತಿಗೆ ಮಾತ್ರವೇ?

ಮೊದಲು ಎಷ್ಟಿತ್ತು? ಅಪ್‌ಗ್ರೇಡ್‌ಗೆ ಮುಂಚಿನ ಲೆಕ್ಕ ಬರೆದಿಟ್ಟಿರದಿದ್ದರೆ 'ಹೆಚ್ಚಾಯಿತು' ಎನ್ನುವುದೂ ಊಹೆಯೇ.

ಬೇರೇನು ಬದಲಾಯಿತು? ಒಮ್ಮೆಗೆ ಒಂದನ್ನೇ ಬದಲಿಸಿ ನೋಡಬೇಕು. ಐದು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗದು.

ಹೊನ್ನಾವರದ ಸೊಸೈಟಿಯಲ್ಲಿ ಉತ್ತರ ಕೊಟ್ಟದ್ದು 'ಯಾವಾಗ' ಎಂಬ ಪ್ರಶ್ನೆ. "ಮಧ್ಯಾಹ್ನದ ಮೇಲೆ ಸರಿ ಆಗ್ತದೆ ಮಾರಾಯ್ರೆ, ಬೆಳಿಗ್ಗೆ ಮಾತ್ರ ಹೀಗೆ" ಎಂದು ಗುಮಾಸ್ತರು ಹೇಳಿದಾಗ, ರಿಪೇರಿಗೆ ಬಂದ ಹುಡುಗ ಸರ್ವರ್‌ನ ಗಡಿಯಾರ ನೋಡಿದ. ಅಪ್‌ಗ್ರೇಡ್ ಆದಾಗ ಅದು ಭಾರತದ ಸಮಯ ಬಿಟ್ಟು ಜಾಗತಿಕ ಸಮಯಕ್ಕೆ ಹೋಗಿತ್ತು. ಎರಡಕ್ಕೂ ಐದೂವರೆ ಗಂಟೆ ವ್ಯತ್ಯಾಸ. ನಸುಕಿನ ನಾಲ್ಕೂವರೆಗೆ ಆಗಬೇಕಿದ್ದ ಬ್ಯಾಕಪ್ ದಿನವೂ ಬೆಳಿಗ್ಗೆ ಹತ್ತಕ್ಕೆ, ಅಂದರೆ ಸರಿಯಾಗಿ ಕೌಂಟರ್ ತೆರೆಯುವ ಹೊತ್ತಿಗೆ ಶುರುವಾಗುತ್ತಿತ್ತು. ಸೆಟ್ಟಿಂಗ್ ಸರಿಮಾಡಲು ಎರಡು ನಿಮಿಷ ಸಾಕಾಯಿತು. ಪಿಗ್ಮಿ ಹಣಕ್ಕೆ ಬಂದಿದ್ದ ಅಮ್ಮನಿಗೆ ಆ ದಿನವೇ ದುಡ್ಡು ಸಿಕ್ಕಿತು. ಆದರೆ ಎರಡು ದಿನದ ವ್ಯಾಪಾರ ಹೋಗಿತ್ತು. 'ಸರ್ವರ್ ಹಾಗೇ' ಎಂದು ಒಪ್ಪಿಕೊಂಡರೆ ತೆರಬೇಕಾದ ಬೆಲೆ ಇದು.

ಅಪ್‌ಡೇಟ್ ಬಿಟ್ಟರೆ ಏನಾಗುತ್ತದೆ?

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ಅಪ್‌ಡೇಟ್ ಕೊಟ್ಟಿತು. ಎಷ್ಟೋ ಸಂಸ್ಥೆಗಳು ಹಾಕಿಕೊಳ್ಳಲಿಲ್ಲ. ಎರಡು ತಿಂಗಳೊಳಗೆ, ಮೇ 12ರಂದು, ಅದೇ ದೋಷದ ಮೂಲಕ 'ವಾನ್ನಾಕ್ರೈ' ದಾಳಿ ನಡೆಯಿತು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ಅಪಾಯಿಂಟ್‌ಮೆಂಟ್‌ಗಳು ರದ್ದಾದವೆಂದು ಅಂದಾಜು. ನಿಧಾನವಾದ ಕಂಪ್ಯೂಟರ್ ಒಂದು ದಿನ ಕಾಯಿಸುತ್ತದೆ, ಬೀಗ ಹಾಕದ ಕಂಪ್ಯೂಟರ್ ಎಲ್ಲವನ್ನೂ ಕಳೆಯಬಹುದು.

ಅಪ್‌ಡೇಟ್‌ಗಳೇ ತಪ್ಪಾಗುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಇದರ ಪಾಠ ಅಪ್‌ಡೇಟ್ ಬೇಡ ಎಂಬುದಲ್ಲ. ಬ್ಯಾಕಪ್ ಇಟ್ಟುಕೊಂಡು, ಮೊದಲು ಒಂದು ಯಂತ್ರದಲ್ಲಿ ನೋಡಿ, ನಂತರ ಉಳಿದವಕ್ಕೆ ಹಾಕಬೇಕು.

ನಿಮ್ಮ ಮೊಬೈಲ್‌ನಲ್ಲಿ ಏನು ಮಾಡಬೇಕು?

ಆ ಫಾರ್ವರ್ಡ್‌ನಲ್ಲಿ ಒಂದು ಎಳೆ ಸತ್ಯವೂ ಇತ್ತು. ಬ್ಯಾಟರಿ ಹಳತಾದ ಐಫೋನ್‌ಗಳು ಹಠಾತ್ತನೆ ಆಫ್ ಆಗದಿರಲಿ ಎಂದು ಅಪ್‌ಡೇಟ್ ಮೂಲಕ ಅವುಗಳ ವೇಗ ಇಳಿಸಿದ್ದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಅಪ್‌ಡೇಟ್‌ಗಳಿಂದ ಫೋನ್ ನಿಧಾನವಾದ ವಿಚಾರದಲ್ಲಿ ಇಟಲಿ 2018ರಲ್ಲಿ ಆ್ಯಪಲ್‌ಗೂ ಸ್ಯಾಮ್ಸಂಗ್‌ಗೂ ದಂಡ ಹಾಕಿತು. ಆದರೆ ಇದರಿಂದ ಎಲ್ಲ ಅಪ್‌ಡೇಟ್ ಮೋಸ ಎಂದಾಗುವುದಿಲ್ಲ.

ಅಪ್‌ಡೇಟ್ ಮಾಡುವ ಮೊದಲು ಫೋಟೋ, ದಾಖಲೆಗಳ ಬ್ಯಾಕಪ್ ಇಡಿ, ಸ್ವಲ್ಪ ಜಾಗ ಖಾಲಿ ಮಾಡಿ. ಆದ ಮೇಲೆ ಒಂದೆರಡು ದಿನ ಕಾಯಿರಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಆಮೇಲೂ ಬಿಸಿಯಾದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಎಂಬಲ್ಲಿ ಯಾವ ಆ್ಯಪ್ ಹೆಚ್ಚು ಬಳಸುತ್ತಿದೆ ನೋಡಿ. ಅದನ್ನು ಅಪ್‌ಡೇಟ್ ಮಾಡಿ, ಬೇಡದ್ದಾದರೆ ತೆಗೆದುಹಾಕಿ.

ಸಿಸ್ಟಮ್ ಅಪ್‌ಡೇಟ್ ಸೆಟ್ಟಿಂಗ್ಸ್‌ನಿಂದ ಮಾತ್ರ, ಆ್ಯಪ್ ಅಪ್‌ಡೇಟ್ ಅಧಿಕೃತ ಸ್ಟೋರ್‌ನಿಂದ ಮಾತ್ರ ಮಾಡಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್‌ನಿಂದ ಬೇಡ. 2021ರಲ್ಲಿ 'ಪಿಂಕ್ ವಾಟ್ಸಾಪ್' ಎಂಬ ನಕಲಿ ಅಪ್‌ಡೇಟ್ ಹರಡಿದ್ದು ಹೀಗೇ.

ಮುಂದಿನ ಸಲ 'ಅಪ್‌ಡೇಟ್ ಮಾಡಬೇಡಿ' ಎಂಬ ಸಂದೇಶ ಬಂದಾಗ ಹತ್ತು ಜನರಿಗೆ ಕಳಿಸುವ ಮೊದಲು ಕಳಿಸಿದವರಿಗೇ ಕೇಳಿ: ಯಾವ ಪ್ರೋಗ್ರಾಂ? ಯಾವಾಗಿನಿಂದ? ಮೊದಲು ಎಷ್ಟಿತ್ತು? ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ.